ಕಿವಿಗೆ ಎಣ್ಣೆ ಹಚ್ಚಿದವರು ಯಾರು?

ಮಗಳು ಬಂದದ್ದು ತನ್ನನ್ನು ಕೇಳುವುದಕ್ಕಲ್ಲ ಎಂದು ಗೊತ್ತಾದ ಕ್ಷಣದಲ್ಲೇ ಸಿಸ್ಟರ್‌ನ ಪಿತ್ತ ನೆತ್ತಿಗೇರಿತು.

ಮೂವತ್ತೆರಡು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು, ಹಿಂದಿನ ತಿಂಗಳಷ್ಟೇ ನಿವೃತ್ತಳಾದವಳು ಆಕೆ. ಊರಿಗೆಲ್ಲ ಸಿಸ್ಟರ್. (ಗಂಡ ಕೂಡ ಒಮ್ಮೆ ಅವಸರದಲ್ಲಿ ಹಾಗೇ ಕರೆದು ಮೂರು ದಿನ ಕಾಫಿ ಇಲ್ಲದೆ ಕಳೆದಿದ್ದ.) ಮಗಳು ದಂತವೈದ್ಯೆ. ಮೂರು ವರ್ಷದ ಕೂಸನ್ನು ಬಿಟ್ಟು ಮತ್ತೆ ಕ್ಲಿನಿಕ್ಕಿಗೆ ಹೋಗುವವಳಿದ್ದಳು. ಭಾನುವಾರ ಊಟಕ್ಕೆ ಬಂದವಳು ಕೈ ತೊಳೆಯುವ ಮೊದಲೇ ವಿಷಯ ಎತ್ತಿದಳು.

"ಅತ್ತೆ, ಹಗಲು ಹೊತ್ತು ಪುಟ್ಟಿನ ನೀವು ನೋಡ್ಕೋತೀರಾ?"

ಅತ್ತೆ ಎಂದರೆ ಸಿಸ್ಟರ್‌ನ ಗಂಡನ ಅಕ್ಕ, ಸಿಸ್ಟರ್‌ಗೆ ಅತ್ತಿಗೆ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವರು. ಎಪ್ಪತ್ತೈದು ವಯಸ್ಸು, ಎರಡೂ ಮಂಡಿ ರಾಜೀನಾಮೆ ಕೊಟ್ಟಿದ್ದವು.

"ನಾನು ಇಲ್ಲೇ ಕಂಬದ ಹಾಗೆ ಕೂತಿದೀನಿ, ಕಾಣ್ಸಲ್ವಾ?" ಎಂದಳು ಸಿಸ್ಟರ್.

"ಹಾಗಲ್ಲ ಅಮ್ಮ, ನಿಂಗೆ ಅಭ್ಯಾಸ ಇಲ್ಲ."

"ಅಭ್ಯಾಸ ಇಲ್ವಾ! ನಿಮ್ಮಿಬ್ಬರನ್ನ ಸಾಕಿದ್ದು ಯಾರು, ಆಸ್ಪತ್ರೆ ವಾಚ್‌ಮನ್ನಾ?"

ಅಲ್ಲಿಂದ ಶುರುವಾಯಿತು ಸಿಸ್ಟರ್‌ನ ಸ್ಮರಣಸಂಪುಟದ ಪಾರಾಯಣ. ಬಂಧುಬಳಗಕ್ಕೆಲ್ಲ ಬಾಯಿಪಾಠವಾಗಿದ್ದ ಕತೆಗಳು ಅವು. ಮಗನಿಗೆ ಮೂರು ವರ್ಷವಿದ್ದಾಗ ಬಚ್ಚಲಿನಿಂದ ತಪ್ಪಿಸಿಕೊಂಡು, ಮೈತುಂಬ ಸಾಬೂನಿನ ನೊರೆಯಲ್ಲಿ ಬೀದಿಗೆ ಓಡಿ, ಮೂಲೆಯ ಕ್ಷೌರದಂಗಡಿಯ ಕುರ್ಚಿ ಹತ್ತಿ ಕೂತು, "ನೊರೆ ನಾನೇ ತಂದಿದೀನಿ, ಬರೀ ಬ್ಲೇಡ್ ಹಾಕಿ" ಎಂದದ್ದು. ಮಗಳು ಮೆಟ್ಟಿಲಿನ ಕಂಬಿಗಳ ನಡುವೆ ತಲೆ ತೂರಿಸಿ, ಕಿವಿ ಸಿಕ್ಕಿಕೊಂಡು, ಬೀದಿಗೆ ಬೀದಿಯೇ ನೆರೆದದ್ದು.

"ಎಲ್ಲರೂ ಕಂಬಿ ಕೊಯ್ಯೋಣ ಅಂದ್ರು. ನಾನು ಕಿವಿಗೆ ಎಣ್ಣೆ ಹಚ್ಚಿ, ಮೆತ್ತಗೆ ಮಡಚಿ…"

"ಅಮ್ಮ," ಎಂದಳು ಮಗಳು. ಬಾಯಿ ತೆರೆಸುವುದು ಅವಳ ವೃತ್ತಿ. ಆ ದಿನ ಮುಚ್ಚಿಸಲು ಹೊರಟಿದ್ದಳು. "ಎಣ್ಣೆ ಹಚ್ಚಿದ್ದು ನೀನಲ್ಲ. ಅತ್ತೆ."

"ಏನಂದೆ?"

"ನೀನು ಮನೆಗೆ ಬಂದದ್ದು ಸಂಜೆ ಏಳಕ್ಕೆ. ಬಂದವಳೇ 'ಎಷ್ಟು ಹೊತ್ತಿಗೆ ಸಿಕ್ಕಿಕೊಂಡಿತು, ವಾಂತಿ ಆಯ್ತಾ' ಅಂತ ಕೇಸ್ ಶೀಟ್ ಬರೆಯೋ ಹಾಗೆ ಕೇಳಿದೆ. ಕ್ಷೌರದಂಗಡಿಗೆ ಓಡಿದ್ದೂ ಅತ್ತೆನೇ. ಪ್ರತಿ ಸಲ ನೀನು ಹೇಳ್ತೀಯ, ಪ್ರತಿ ಸಲ ನಾವು ಸುಮ್ಮನಿರ್ತೀವಿ."

ಸಿಸ್ಟರ್ ಸಾಕ್ಷಿಗಾಗಿ ಗಂಡನತ್ತ ತಿರುಗಿದಳು. ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಊರಿನ ಸಾಹಿತಿಗಳ ತಪ್ಪನ್ನೆಲ್ಲ ತಿದ್ದಿದವನು, ಹೆಂಡತಿಯದನ್ನು ಮಾತ್ರ ಎಂದೂ ಮುಟ್ಟಿದವನಲ್ಲ.

"ಏನ್ರೀ, ನಾನಿರ್ಲಿಲ್ವಾ?"

ಅವನು ಮೊಸರಿನ ಪಾತ್ರೆಯೊಳಗೆ ಇಣುಕಿ ನೋಡಿದ. "ಸಣ್ಣದೊಂದು ಮುದ್ರಣದೋಷ ಇರಬಹುದು."

ಆಗ ಅತ್ತಿಗೆ ಬಾಯಿ ಬಿಟ್ಟರು. "ಇದ್ಳು, ಇದ್ಳು. ನೀನು ಚಿಕ್ಕವಳು, ನಿಂಗೇನು ನೆನಪಿರುತ್ತೆ? ಎಣ್ಣೆ ಅವಳೇ ಹಚ್ಚಿದ್ದು. ಊಟ ಮಾಡಿ."

ಮಗಳ ಮಾತು ಚುಚ್ಚಿತ್ತು ನಿಜ. ಆದರೆ ಈ ದಯೆ ಇನ್ನೂ ಆಳಕ್ಕೆ ಇಳಿಯಿತು. ಸುಳ್ಳು ಹೇಳುವಾಗ ಅತ್ತಿಗೆಯ ದನಿ ಹೇಗಿರುತ್ತದೆಂದು ಸಿಸ್ಟರ್‌ಗೆ ಗೊತ್ತಿತ್ತು.

ಮಧ್ಯಾಹ್ನವೆಲ್ಲ ಆಕೆ ಮಂಚದ ಮೇಲೆ ಕೂತು ಆ ಕ್ಷೌರದಂಗಡಿಯನ್ನು ಮನಸ್ಸಿನಲ್ಲಿ ಜಾಲಾಡಿದಳು. ಕೆಂಪು ಕುರ್ಚಿ ಕಂಡಿತು, ನೊರೆ ಕಂಡಿತು, ನಗುತ್ತಿದ್ದ ಕ್ಷೌರಿಕ ಕಂಡ. ತಾನು ಮಾತ್ರ ಎಲ್ಲೂ ಕಾಣಲಿಲ್ಲ. ಆ ಅಂಗಡಿಯ ಹೊಸ್ತಿಲನ್ನು ಆಕೆ ಒಮ್ಮೆಯೂ ತುಳಿದಿರಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅತ್ತಿಗೆ ಅಕ್ಕಿ ಆರಿಸುತ್ತ ಹೇಳಿದ ಕತೆ ಅದು. ಮರುದಿನ ವಾರ್ಡಿನಲ್ಲಿ "ನಮ್ಮ ಹುಡುಗ ನಿನ್ನೆ ಏನು ಮಾಡಿದ ಗೊತ್ತಾ" ಎಂದು ತಾನು ಹೇಳಿದ್ದಳು. ಹೇಳಿ ಹೇಳಿ, ಯಾವಾಗಲೋ ಅತ್ತಿಗೆಯನ್ನು ಕತೆಯಿಂದ ಹೊರಹಾಕಿ ಆ ಜಾಗದಲ್ಲಿ ತಾನು ನಿಂತುಬಿಟ್ಟಿದ್ದಳು.

ಹಾಗಾದರೆ ತನ್ನದೇ ಅನ್ನುವ ನೆನಪು ಯಾವುದು? ಹುಡುಕಿದರೆ ಒಂದೇ ಸಿಕ್ಕಿತು. ಕೈಯಲ್ಲಿ ಬ್ಯಾಗು ಹಿಡಿದು ತಾನು ಬಾಗಿಲಲ್ಲಿ ನಿಂತದ್ದು. ಮಿಂದು, ಉಂಡು, ತಲೆ ಬಾಚಿಕೊಂಡು ಅತ್ತಿಗೆಯ ತೊಡೆಯ ಮೇಲಿದ್ದ ಇಬ್ಬರು ಮಕ್ಕಳು, ಇಂಜೆಕ್ಷನ್ ಕೊಡಲು ಬಂದವಳನ್ನು ನೋಡುವ ಹಾಗೆ ತನ್ನನ್ನು ನೋಡಿದ್ದು. ಊರಿನವರ ಮಕ್ಕಳನ್ನು ಮೀಯಿಸಿ, ಉಣಿಸಿ, ಮೂತಿ ಒರೆಸಿ ಬಂದವಳಿಗೆ ಮನೆಯಲ್ಲಿ ಒರೆಸಲು ಒಂದು ಮೂತಿಯೂ ಬಾಕಿ ಇರುತ್ತಿರಲಿಲ್ಲ.

ಸಂಜೆ ಎದ್ದು ಬಂದು ಮಗಳಿಗೆ ಹೇಳಿದಳು: "ನಾಳೆಯಿಂದ ಪುಟ್ಟಿನ ನಾನು ನೋಡ್ಕೋತೀನಿ. ಅತ್ತಿಗೆ ಕೈ ಹಚ್ಚೋ ಹಾಗಿಲ್ಲ."

ಸೋಮವಾರ ಮನೆ ವಾರ್ಡಾಯಿತು. ಎಂಟಕ್ಕೆ ಹಾಲು, ಒಂಬತ್ತಕ್ಕೆ ಸ್ನಾನ, ಹತ್ತಕ್ಕೆ ಹಣ್ಣು ಎಂದು ಗೋಡೆಗೆ ವೇಳಾಪಟ್ಟಿ ಅಂಟಿತು. ಪುಟ್ಟಿ ಎಂಟಕ್ಕೆ ಹಾಲು ಚೆಲ್ಲಿದಳು, ಒಂಬತ್ತಕ್ಕೆ ಸಾಬೂನು ಕಚ್ಚಿದಳು, ಹತ್ತಕ್ಕೆ ವೇಳಾಪಟ್ಟಿಯನ್ನೇ ಹರಿದಳು. ಕೊನೆಗೆ ಅಜ್ಜಿಯ ಹಳೆಯ ಔಷಧಿ ಡಬ್ಬ ಕೈಗೆ ಸಿಕ್ಕಿದ ಮೇಲೆ ಡ್ಯೂಟಿ ಬದಲಾಯಿತು.

"ನೀನು ಲೋಗಿ, ಕೂತ್ಕೋ," ಎಂದಳು ಪುಟ್ಟಿ.

ಸಿಸ್ಟರ್ ಕೂತಳು. ಬ್ಯಾಂಡೇಜಿನ ಸುರುಳಿ ಕಾಲಿನಿಂದ ಹೊರಟು ಕುರ್ಚಿಯ ಕಾಲು, ಸೊಂಟ, ತೋಳು, ಕತ್ತು ಎಲ್ಲವನ್ನೂ ಪ್ರದಕ್ಷಿಣೆ ಹಾಕಿತು. ಬಾಯಿಗೆ ಅರ್ಧ ಬಾಳೆಹಣ್ಣು ತುರುಕಲ್ಪಟ್ಟಿತು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ತೆರೆದ ಬಾಗಿಲಿನಿಂದ ಒಳಗೆ ಬಂದು ಬೆಚ್ಚಿಬಿದ್ದ.

"ಅಯ್ಯೋ ಸಿಸ್ಟರ್, ಏನಾಯ್ತು?"

ಪುಟ್ಟಿ ತುಟಿಯ ಮೇಲೆ ಬೆರಳಿಟ್ಟಳು. "ಸದ್ದು ಮಾಡ್ಬೇಡಿ. ಲೋಗಿ ಸತ್ತೋಗಿದಾರೆ. ನಾಳೆ ಬನ್ನಿ, ಸರಿ ಹೋಗ್ತಾರೆ."

ಬಾಳೆಹಣ್ಣು ಬಾಯಲ್ಲಿದ್ದಂತೆಯೇ ಸಿಸ್ಟರ್ ನಕ್ಕಳು. ನಕ್ಕು ಕೆಮ್ಮಿ, ಕುರ್ಚಿಯ ಸಮೇತ ಅಲುಗಾಡಿ, ಕಣ್ಣಲ್ಲಿ ನೀರು ಸುರಿಸಿದಳು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕಟ್ಟಿ ಹಾಕಿಸಿಕೊಂಡಿದ್ದರೂ ಒಂದು ವಿಷಯ ಆಕೆಗೆ ಸ್ಪಷ್ಟವಾಗಿತ್ತು: ಇದು ನಡೆಯುವಾಗ ತಾನು ಇಲ್ಲಿದ್ದೆ. ಇದಕ್ಕೆ ಸಿಲಿಂಡರಿನವನ ಸಾಕ್ಷಿಯೂ ಉಂಟು.

ಸಂಜೆ ಮಗಳಿಗೆ ಅಭಿನಯಪೂರ್ವಕವಾಗಿ ಎಲ್ಲವನ್ನೂ ಹೇಳಿದಳು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "'ಸತ್ತೋಗಿದಾರೆ' ಅಂದಳಾ, 'ಸತ್ತೋದ್ರು' ಅಂದಳಾ? ಬೆರಳು ಯಾವ ಕೈದು ಇಟ್ಟಳು? ಇನ್ನೊಂದ್ಸಲ ಹೇಳಮ್ಮ." ಸಿಸ್ಟರ್ ಖುಷಿಯಿಂದ ಮೂರು ಸಲ ಹೇಳಿದಳು.

ಎರಡು ವಾರ ಕಳೆದವು. ಒಂದು ಸಂಜೆ ಮಗಳ ಜತೆ ಕ್ಲಿನಿಕ್ಕಿನ ಗೆಳತಿಯರಿಬ್ಬರು ಬಂದರು. ಸಿಸ್ಟರ್ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾಗ ಹೊರಗಿನಿಂದ ಮಗಳ ದನಿ ಕೇಳಿತು.

"ಕೇಳ್ರೇ, ನನ್ನನ್ನ ಕುರ್ಚಿಗೆ ಕಟ್ಟಿಹಾಕಿಬಿಟ್ಟಿದಾಳೆ! ಬಾಯಲ್ಲಿ ಬಾಳೆಹಣ್ಣು! ಅಷ್ಟರಲ್ಲಿ ಸಿಲಿಂಡರಿನವನು ಬಂದ…"

ಸೋಸುವ ಬಟ್ಟೆ ಕೈಯಲ್ಲಿ ಹಿಡಿದೇ ಸಿಸ್ಟರ್ ದಾಪುಗಾಲಿಟ್ಟು ಬಾಗಿಲವರೆಗೆ ಬಂದಳು. 'ನೀನೆಲ್ಲಿದ್ದೆಯೇ ಆಗ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮಗಳ ಮುಖ ಅರಳಿತ್ತು; ಬೆರಳು ತುಟಿಯ ಮೇಲಿತ್ತು, ಸರಿಯಾದ ಕೈಯದೇ. ದಿನವಿಡೀ ಯಾರದೋ ಹಲ್ಲು ಕೊರೆದು ಬಂದ ದಣಿವು ಆ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ಅದು ಕಾಣುತ್ತಿತ್ತು.

ಸಿಸ್ಟರ್ ಮಾತನ್ನು ನುಂಗಿಕೊಂಡು ಒಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ಅತ್ತಿಗೆ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತು.

"ಅತ್ತಿಗೆ," ಎಂದಳು ಮೆಲ್ಲಗೆ, "ನಾನು ಹೇಳ್ತಿದ್ದಾಗೆಲ್ಲ ನಿಮಗೆ ಹೊಟ್ಟೆ ಉರೀಲಿಲ್ವಾ?"

"ಉರೀತು. ಮೊದಲ ಹತ್ತು ವರ್ಷ ತುಂಬಾ ಉರೀತು."

"ಆಮೇಲೆ?"

ಅತ್ತಿಗೆ ಬಿಸಿನೀರಿನ ಚೀಲವನ್ನು ಇನ್ನೊಂದು ಮಂಡಿಗೆ ವರ್ಗಾಯಿಸಿದರು.

"ಆಮೇಲೆ ಅಭ್ಯಾಸ ಆಯ್ತು," ಎಂದರು. "ಉರಿಯೋದು."