ನೀರಿನಲ್ಲಿ ಕರಗದ ವಸ್ತು

ಸೇನಾ ವಸ್ತುಸಂಗ್ರಹಾಲಯದ ಉಸ್ತುವಾರಿ ಗುಮಾಸ್ತರನ್ನು ಎಲ್ಲರೂ ಪಂಡಿತರೆಂದೇ ಕರೆಯುತ್ತಿದ್ದರು. ತಪಾಸಣೆಯ ದಿನ ಬೆಳಿಗ್ಗೆ ಪಂಡಿತರು ಬಾಗಿಲು ತೆರೆದರೆ, ಗಾಜಿನ ಪೆಟ್ಟಿಗೆಯಲ್ಲಿ ಟಿಎನ್‌ಟಿ ಸಿಡಿಮದ್ದಿನ ಹಳದಿ ಗಟ್ಟಿ ಇರಲಿಲ್ಲ. ಮೂರು ವರ್ಷದಿಂದ ಹೆಂಡತಿ ಮಗಳು ಒಂದೂರಲ್ಲಿ, ಇವರು ಒಂದೂರಲ್ಲಿ. ಇವತ್ತು ಅಧಿಕಾರಿ ಬಂದು ಎಲ್ಲ ಸರಿಯಿದೆಯೆಂದು ಸಹಿ ಹಾಕಿದರೆ ಮಾತ್ರ ಅವರಿರುವ ಊರಿಗೆ ವರ್ಗಾವಣೆ.

ಕಪಾಟು, ಮೂಲೆ, ಕಸದ ಬುಟ್ಟಿ ಎಲ್ಲವನ್ನೂ ಜಾಲಾಡಿದ್ದಾಯಿತು. ಕೊನೆಗೆ ಪಂಡಿತರು ಓಡಿಹೋಗಿ ಹಳದಿ ಬಟ್ಟೆ ಸೋಪೊಂದನ್ನು ತಂದು, ಅದರ ಮೇಲಿನ ಹೆಸರನ್ನು ಚಾಕುವಿನಿಂದ ಹೆರೆದು ಪೆಟ್ಟಿಗೆಯಲ್ಲಿಟ್ಟರು.

ಅಧಿಕಾರಿ ಬಂದರು. ಟಿಕೆಟ್ ಕೊಡುವವನು, ಯಾರೂ ಕರೆಯದಿದ್ದರೂ, ಹಿಂದೆಯೇ ಬಂದ. ಪಂಡಿತರೇ ಬರೆದು ಅಂಟಿಸಿದ್ದ ಫಲಕವನ್ನು ಜೋರಾಗಿ ಓದತೊಡಗಿದ: 1863ರಲ್ಲಿ ಮೊದಲು ತಯಾರಿಸಿದಾಗ ಇದನ್ನು ಬರೀ ಹಳದಿ ಬಣ್ಣವೆಂದೇ ತಿಳಿದಿದ್ದರು, ಸಿಡಿಯುತ್ತದೆಂದು ಗೊತ್ತಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು, ಎಂಬತ್ತು ಡಿಗ್ರಿ ಶಾಖಕ್ಕೆ ಮೇಣದಂತೆ ಕರಗುತ್ತದೆ, ಬೀಳಿಸಿದರೂ ಬಡಿದರೂ ಸುಲಭಕ್ಕೆ ಸಿಡಿಯದು, ನೀರಿನಲ್ಲಂತೂ ಕರಗದು.

"ನೀರಲ್ಲಿ ಹಾಕಿ ತೋರ್ಸಿ ಪಂಡಿತ್ರೇ, ಸಾಹೇಬ್ರೂ ನೋಡ್ಲಿ," ಎಂದ.

ಅಧಿಕಾರಿ ಯಾಕೋ ಗಡಿಬಿಡಿಯಿಂದ ಬೇಡವೆಂದರು. ಪಂಡಿತರು ಅವರಿಗಿಂತ ಗಡಿಬಿಡಿಯಿಂದ ಬೇಡವೆಂದರು. ಅಷ್ಟರಲ್ಲಿ ಆ ಪುಣ್ಯಾತ್ಮ ಗಟ್ಟಿಯನ್ನು ನೆಲ ಒರೆಸುವ ಬಕೆಟ್ಟಿನಲ್ಲಿ ಅದ್ದಿ ತಿಕ್ಕಿಯೂ ಬಿಟ್ಟಿದ್ದ. ನೊರೆ ಅವನ ಮೊಣಕೈವರೆಗೆ ಬಂತು.

ಟಿಕೆಟಿನವನು ತಲೆ ಕೆರೆದುಕೊಂಡ.

"ಹಂಗಾದ್ರೆ ನಿನ್ನೆ ನಾನು ತಗೊಂಡಿದ್ದೇ ಅಸಲಿ. ನನ್ನ ಟಿಕೆಟ್ ಟೇಬಲ್ ಅಲ್ಲಾಡ್ತಿತ್ತು, ಅದರ ಕಾಲಿನ ಕೆಳಗೆ ಇಟ್ಟಿದೀನಿ. ಬಡಿದ್ರೂ ಏನಾಗಲ್ಲ ಅಂತ ನೀವೇ ಬರ್ದಿದೀರಲ್ಲ. ಇವತ್ತು ಇಲ್ಲಿ ಇನ್ನೊಂದು ಇರೋದು ನೋಡಿ, ಎರಡಿತ್ತೇನೋ ಅಂದ್ಕೊಂಡೆ."

ಪಂಡಿತರಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಆ ಗಟ್ಟಿಯನ್ನು ಕಿತ್ತರು. ಮೇಜು ಮಗುಚಿತು, ಟಿಕೆಟಿನವನು ಚೆಲ್ಲಾಪಿಲ್ಲಿಯಾದ ಟಿಕೆಟುಗಳನ್ನು ಆರಿಸುತ್ತ ಅಲ್ಲೇ ಉಳಿದ. ಪಂಡಿತರು ಮರಳಿ ಬಂದು, ಗೆದ್ದವರ ಠೀವಿಯಿಂದ, ಗಟ್ಟಿಯನ್ನು ಅಧಿಕಾರಿಯ ಎದುರೇ ನೀರಿಗೆ ಅದ್ದಿ ತಿಕ್ಕಿದರು.

ಅದೂ ನೊರೆ ಬಿಟ್ಟಿತು.

ಅಧಿಕಾರಿ ಹೋಗಿ ಬಾಗಿಲು ಹಾಕಿದರು. "ಹದಿನೈದು ವರ್ಷದ ಹಿಂದೆ ನಿಮ್ಮ ಕುರ್ಚೀಲಿ ನಾನಿದ್ದೆ. ಬಂದಾಗ್ಲೇ ಪೆಟ್ಟಿಗೆ ಖಾಲಿ. ಈ ಸೋಪು ನಾನು ಹೆರೆದಿದ್ದು," ಎಂದು ಪಿಸುಗುಟ್ಟಿದರು.

ಆಮೇಲೆ ವರದಿ ಬರೆದರು. ಎಲ್ಲ ಸರಿಯಿದೆ ಎಂಬ ಸಾಲನ್ನು ಓದಿ ಪಂಡಿತರ ಕಣ್ಣು ತುಂಬಿ ಬಂತು. ಅದರ ಕೆಳಗೆ ಇನ್ನೊಂದು ಸಾಲಿತ್ತು: 'ಈ ಅಪಾಯಕಾರಿ ವಸ್ತುವಿನ ಗುಣ ಬಲ್ಲವರು ಇವರೊಬ್ಬರೇ. ನಿವೃತ್ತಿಯವರೆಗೂ ಇವರನ್ನು ಇಲ್ಲಿಂದ ಕದಲಿಸತಕ್ಕದ್ದಲ್ಲ.'

"ಹೊಸಬ ಬಂದ್ರೆ ನೀರಿಗೆ ಹಾಕಿ ನೋಡ್ತಾನೆ," ಎಂದರು ಅಧಿಕಾರಿ. "ನೀವು ಇನ್ನು ಹಾಕಲ್ಲ."

ಪಂಡಿತರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಸಹಿ ಆಯ್ತಾ ಎಂದು ಹೆಂಡತಿ ಕೇಳಿದಳು.

"ಆಯ್ತು," ಎಂದರು ಪಂಡಿತರು, ಕೈಯ ನೊರೆಯನ್ನು ಅಂಗಿಗೆ ಒರೆಸಿಕೊಳ್ಳುತ್ತ.