ಬಾಂಬು ಸಿಡಿದಾಗ ನನ್ನ ಮುಖ

ಕನಸು ಕಾಣುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ. ಸವಣೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ ತಲೆ ನರೆತರೂ, ಬೋರ್ಡಿನ ಮೇಲೆ ಪರಮಾಣುವಿನ ಚಿತ್ರ ಬರೆಯುತ್ತ ಬರೆಯುತ್ತ ಎಲ್ಲೋ ಪರದೇಶದ ಮರಳುಗಾಡಿನಲ್ಲಿ ಟೊಪ್ಪಿಗೆ ಹಾಕಿಕೊಂಡು ನಿಂತುಬಿಡುತ್ತೇನೆ. ಹಿಂದಿನ ಬೆಂಚಿನವರು ಖಾರ ಮೆಲ್ಲುವುದೂ ಆಗ ನನಗೆ ಕೇಳಿಸುವುದಿಲ್ಲ.

ಹೀಗಾಗಿ, ಮೊದಲ ಅಣುಬಾಂಬು ಮಾಡಿದ ವಿಜ್ಞಾನಿಗಳ ಮೇಲೊಂದು ಕಿರುಚಿತ್ರ ತೆಗೆಯೋಣವೆಂದು ನಮ್ಮ ಡ್ರಾಯಿಂಗ್ ಮಾಸ್ತರರು ಮೊಬೈಲ್ ಹಿಡಿದು ಬಂದಾಗ, ಮುಖ್ಯ ವಿಜ್ಞಾನಿಯ ಪಾತ್ರ ಯಾರು ಮಾಡುತ್ತೀರೆಂದು ಅವರು ಕೇಳುವ ಮೊದಲೇ ನಾನು ಒಪ್ಪಿಕೊಂಡಿದ್ದೆ. ಚಿತ್ರವೆಲ್ಲ ನಿಂತದ್ದು ಕೊನೆಯ ದೃಶ್ಯದ ಮೇಲೆ. ಬಾಂಬು ಸಿಡಿದಾಗ ವಿಜ್ಞಾನಿಯ ಮುಖದಲ್ಲಿ ಪಶ್ಚಾತ್ತಾಪ ಕಾಣಬೇಕು, ನೋಡಿದವರ ಕರುಳು ಚುರ್ ಅನ್ನಬೇಕು. ಒಂದು ತಿಂಗಳು ಕನ್ನಡಿಯ ಮುಂದೆ ದಿನಾ ಪಶ್ಚಾತ್ತಾಪಪಟ್ಟೆ.

"ಹೊಟ್ಟಿ ನೋಯಾಕತ್ತೈತೇನ್ರಿ? ಒಂಚೂರು ಅಜವಾನ ಕೊಡ್ಲೇನು?" ಎಂದಳು ನನ್ನ ಹೆಂಡತಿ ಶಾಂತವ್ವ. ಇಂಥವಳ ಜೊತೆ ಸಂಸಾರ ಮಾಡಿಯೂ ನನ್ನಲ್ಲಿ ಕಲೆ ಉಳಿದದ್ದೇ ಹೆಚ್ಚು.

ಸಿಡಿತ ತೋರಿಸಲು ನಮ್ಮ ಓಣಿಯ ರೈತ ಫಕ್ಕೀರಪ್ಪಣ್ಣನ ಹೊಲಕ್ಕೆ ಹೋದೆವು. ಗೋವಿನಜೋಳ ಒಕ್ಕಿ ರಾಶಿ ಮುಗಿದು ಹೊಟ್ಟಿನ ಗುಡ್ಡೆ ಬಿದ್ದಿತ್ತು. ಅದಕ್ಕೆ ರಾಶಿ ಮಷಿನ್ನಿನ ಗಾಳಿ ಬಿಟ್ಟರೆ ಮುಗಿಲಿಗೆ ಏಳುತ್ತದೆಂದು ಅವನೇ ಹೇಳಿದ. "ಆದ್ರ ಒಂದ ಸಲ ಅಷ್ಟ ನೋಡ್ರಿ ಸರ. ಹಾರಿದ ಹೊಟ್ಟು ಮತ್ತ ಯಾರು ಗೂಡಿಸ್ಬೇಕು? ಮಷಿನ್ನೂ ಯಲವಿಗಿಗೆ ಹೋಗೋದೈತಿ." ಅವನ ದನಿ ನಾಲ್ಕು ಹೊಲ ದಾಟುತ್ತಿತ್ತು. ಹತ್ತರಿಂದ ಹಿಂದಕ್ಕೆ ಎಣಿಸುವ ಕೆಲಸವನ್ನೂ ಅವನಿಗೇ ಕೊಟ್ಟೆವು.

ಸಂಜೆಯ ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು. ನಾನು ಟೊಪ್ಪಿಗೆ ಸರಿಮಾಡಿಕೊಂಡು ನಿಂತೆ. ಹಾವೇರಿ ಜಿಲ್ಲೆಯೇ ಮರೆತುಹೋಯಿತು. ಫಕ್ಕೀರಪ್ಪಣ್ಣ ಎಣಿಸುತ್ತ ಬಂದ. "ಮೂರು... ಎರಡು... ಲಾಭ."

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಪ್ರತಿ ಸುಗ್ಗಿಯಲ್ಲೂ ಹಾಗೆ ಎಣಿಸಿದ ಬಾಯಿ ಅಣುಬಾಂಬಿಗೂ ಹಾಗೇ ಎಣಿಸಿತು. ತಡೆಯುವಷ್ಟರಲ್ಲಿ ಹೊಟ್ಟು ಎದ್ದೇಬಿಟ್ಟಿತು. ಬಂಗಾರದ ಮೋಡವೊಂದು ನಿಧಾನವಾಗಿ ಮೇಲೇರಿ, ಮೇಲೆ ಹೋಗಿ ಬಿಚ್ಚಿಕೊಂಡು, ಬಿಸಿಲಿನಲ್ಲಿ ತೇಲುತ್ತ ನಿಂತಿತು. ನನ್ನ ಜನ್ಮದಲ್ಲಿ ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. ಆದರೂ ಮುಖದ ಮೇಲಿನ ಪಶ್ಚಾತ್ತಾಪ ಬಿಟ್ಟಿಲ್ಲವೆಂದೇ ತಿಳಿದಿದ್ದೆ.

"ಲಾಭ ಅಂದದ್ದನ್ನ ಅಳಿಸಿ ಬ್ಯಾರೆ ದನಿ ಹಾಕೂಣ್ರಿ," ಎಂದು ಡ್ರಾಯಿಂಗ್ ಮಾಸ್ತರರು ಮನೆಗೆ ಬಂದು, ದೃಶ್ಯವನ್ನು ನನ್ನ ಮೊಬೈಲಿಗೆ ಕಳಿಸಿದರು. ಮುಖದ ಬಗ್ಗೆ ಏನೂ ಹೇಳದೆ ಚಹಾ ಕುಡಿದು ಎದ್ದು ಹೋದರು. ಯಾಕೆಂದು ಆಮೇಲೆ ತಿಳಿಯಿತು. ಪರದೆಯ ಮೇಲೆ ನನ್ನ ಬಾಯಿ ಕಿವಿಯವರೆಗೆ ಹರಿದಿತ್ತು.

ಶಾಂತವ್ವ ಎರಡು ಸಲ ನೋಡಿದಳು. "ಊರಿಗೆ ಊರ ಸುಡೋ ಬಾಂಬು ಅಂದಿದ್ರಿ. ಮತ್ತ ಇಷ್ಟ್ಯಾಕ ನಗಾಕತ್ತೀರಿ?"

"ಮೊದಲನೇ ಸಲಕ್ಕ ಎಷ್ಟು ಛಂದ ಎದ್ದಿತ್ತಲ್ಲ," ಅಂದೆ.

ಅವಳು ಮೊಬೈಲ್ ಕೆಳಗಿಟ್ಟಳು. "ಆ ಬಾಂಬು ಮಾಡಿದವ್ರೂ ಹಿಂಗ ಅಂದಿರ್ಬೇಕು, ಬಿಡ್ರಿ."

ಆಗ ಬಂತು ನೋಡಿ ನನ್ನ ಮುಖಕ್ಕೆ ಆ ಪಶ್ಚಾತ್ತಾಪ, ಕನ್ನಡಿಯ ಮುಂದೆ ಒಂದು ದಿನವೂ ಬಾರದಿದ್ದದ್ದು. ಡ್ರಾಯಿಂಗ್ ಮಾಸ್ತರರು ಅಷ್ಟೊತ್ತಿಗೆ ಓಣಿ ದಾಟಿದ್ದರು.