ದೊಡ್ಡವ್ವ ಒಪ್ಪದ ಕೈ

ನಮ್ಮ ದೊಡ್ಡವ್ವನಿಗೆ ಏನನ್ನಾದರೂ ‘ಇದು ನಿನ್ನದೇ’ ಎಂದು ಒಪ್ಪಿಸಬಲ್ಲವರು ಸುರಪುರ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಸ್ಟುಡಿಯೊದವನು ತೆಗೆದುಕೊಟ್ಟ ತನ್ನ ಫೋಟೊ ನೋಡಿ, ಈ ಹೆಣ್ಣುಮಗಳು ಯಾರು, ಇವಳಿಗೆ ಇಷ್ಟು ಸಿಟ್ಟು ಯಾಕೆ ಎಂದು ಕೇಳಿದವಳು ಅವಳು. ಅದನ್ನು ಕೇಳಿದ್ದು ಎಷ್ಟು ಸಿಟ್ಟಿನಿಂದ! ಪಾಪ, ಅವನು ಫೋಟೊವನ್ನೂ ಅವಳನ್ನೂ ಎರಡೆರಡು ಸಲ ನೋಡಿ, ಇನ್ನೊಂದು ತೆಗೆಯುತ್ತೇನೆ ಎಂದು ಬೆವರು ಒರೆಸಿಕೊಂಡ.

ಇಂಥವಳಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಾಯಿಗೆ ಏನೂ ಆಗಲಿಲ್ಲ. ಅದನ್ನು ಮುಟ್ಟಲು ಲಕ್ವಾಕ್ಕೂ ಧೈರ್ಯ ಬೇಕಲ್ಲ? ಕಾಲು ಒಂದು ತಿಂಗಳಲ್ಲಿ ದಾರಿಗೆ ಬಂತು. ಬಲಗೈ ಮಾತ್ರ ಬಿದ್ದುಕೊಂಡಿತು. ಅಂದಿನಿಂದ ಅವಳು ಅದನ್ನು ‘ಅದು’ ಎನ್ನತೊಡಗಿದಳು. ಅದರ ಕಡೆ ನೋಡುವುದನ್ನೂ ಬಿಟ್ಟಳು. ಕೆಂಭಾವಿಯ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು. ಹೇಳಿದ ಮಾತು ಕೇಳದ ಹುಡುಗರನ್ನು ಹೊರಗೆ ನಿಲ್ಲಿಸಿದ ಹಾಗೆ ತನ್ನ ಕೈಯನ್ನೇ ಹೊರಗೆ ನಿಲ್ಲಿಸಿದ್ದಳು.

ಯಾದಗಿರಿಯ ಫಿಜಿಯೊಥೆರಪಿ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. ಕೈಯಲ್ಲಿ ಇನ್ನೂ ಜೀವ ಇದೆಯಂತೆ, ಆದರೆ ತಲೆ ಅದನ್ನು ಮರೆಯುತ್ತಿದೆಯಂತೆ. ತನ್ನದೆಂದು ಬೇಗ ನೆನಪಾಗದಿದ್ದರೆ ಕೈ ಹೋದಂತೆಯೇ. ಅದಕ್ಕೆಂದು ಅವರ ಬಳಿ ಒಂದು ವಿ.ಆರ್. ಕನ್ನಡಕವಿತ್ತು. ಹಾಕಿಕೊಂಡರೆ ಬೇರೆಯೇ ಲೋಕ, ಅದರಲ್ಲಿ ನಮಗೊಂದು ಹೊಸ ಮೈ. ಇಲ್ಲಿ ಎಡಗೈ ಆಡಿಸಿದರೆ ಅಲ್ಲಿ ಎರಡೂ ಕೈ ಆಡುತ್ತವೆ. ಅದನ್ನು ನೋಡಿ ನೋಡಿ ತಲೆ ಮೋಸ ಹೋಗಬೇಕು. ಆ ತಲೆ ಯಾರದು ಎಂಬುದು ಡಾಕ್ಟರಿಗೆ ಗೊತ್ತಿರಲಿಲ್ಲ.

ವಾರಕ್ಕೆರಡು ಸಲ ನಾನು ಅವಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಒಮ್ಮೆ ಶಹಾಪುರದಲ್ಲಿ ಇಳಿದು ಚಹಾ ಕುಡಿಯುವಾಗ ಅವಳ ಬಲಗೈ ಮೇಲೆ ಬಿಸಿ ಚಹಾ ಚೆಲ್ಲಿತು. ನಾನು ಹೌಹಾರಿ ಒರೆಸಲು ಹೋದೆ.

"ಅದಕ್ಕ ಬಿದ್ದದ, ನನಗಲ್ಲ. ನೀ ಚಾ ಕುಡಿ," ಎಂದಳು.

ಕನ್ನಡಕದೊಳಗೆ ಅವಳು ಕಂಡದ್ದೆಲ್ಲ ಪಕ್ಕದ ಪರದೆಯ ಮೇಲೆ ನಮಗೂ ಕಾಣುತ್ತಿತ್ತು. ಮೊದಲ ದಿನ ಕಂಡದ್ದು ಬೆಳ್ಳನೆಯ, ಉಗುರಿಗೆ ಬಣ್ಣ ಹಚ್ಚಿದ ಕೈ.

"ಯಾರ ಮನಿ ಸೊಸಿ ಕೈ ತಮ್ಮಾ ಇದು? ಒಂದಿನಾನೂ ಭಾಂಡಿ ತಿಕ್ಕಿದಂಗ ಕಾಣವಲ್ದು," ಎಂದಳು ಡಾಕ್ಟರಿಗೆ.

ಡಾಕ್ಟರು ಮುಂದಿನ ಸಲ ಆ ಕೈಯ ಮೈಬಣ್ಣ ಕಪ್ಪಾಗಿಸಿದರು. ಬಣ್ಣವೇನೋ ಸರಿಹೋಯಿತು, ಗುಣ ಗೊತ್ತಿಲ್ಲದ ಕೈಯನ್ನು ಹೇಗೆ ನಂಬಲಿ ಎಂದಳು. ಹೆಣ್ಣು ನೋಡಲು ಬಂದಿದ್ದೆವೋ ಏನೋ! ಆಮೇಲೆ ಅವರು ಅವಳ ಬಲಗೈಯನ್ನು ಕುಂಚದಿಂದ ಸವರಿದರು. ಅದೇ ಹೊತ್ತಿಗೆ ಕನ್ನಡಕದೊಳಗಿನ ಕೈಯನ್ನೂ ಒಂದು ಕುಂಚ ಸವರುತ್ತಿತ್ತು. ಕಂಡದ್ದೂ ಮುಟ್ಟಿದ್ದೂ ಒಟ್ಟಿಗೆ ಬಂದರೆ ಯಾರಿಗಾದರೂ ಕೈ ತನ್ನದೆನಿಸುತ್ತದಂತೆ. ಯಾರಿಗಾದರೂ! ದೊಡ್ಡವ್ವ ಅರ್ಧ ಗಂಟೆ ಸುಮ್ಮನೆ ಸವರಿಸಿಕೊಂಡು, ಸುಣ್ಣ ಬಳಿದು ಮುಗಿಯಿತೇ ಎಂದು ಕೇಳಿದಳು.

ನಾಲ್ಕು ವಾರವಾದರೂ ಕೈ ಹಾಗೇ ಇತ್ತು. ಡಾಕ್ಟರ ಮುಖದಲ್ಲಿ ಆಸೆ ಕಡಿಮೆಯಾಗುವುದು ನನಗೆ ಕಾಣುತ್ತಿತ್ತು. ಕೊನೆಗೆ ಅವರು ಅಡುಗೆಮನೆ ಇರುವ ಆಟವೊಂದನ್ನು ಹಾಕಿದರು. ಒಲೆ ಇತ್ತು, ಹಂಚಿತ್ತು, ಜೋಳದ ಹಿಟ್ಟಿತ್ತು. ಅದನ್ನು ಮಾಡಿದ ಜಾಣ ಯಾವ ಊರಿನವನೋ, ಪಕ್ಕದಲ್ಲೊಂದು ಲಟ್ಟಣಿಗೆಯನ್ನೂ ಇಟ್ಟಿದ್ದ! ದೊಡ್ಡವ್ವ ಲಟ್ಟಣಿಗೆಯ ಕಡೆ ಬಗ್ಗಿ ನೋಡಿದಳು. ಅವಳು ಹಾಗೆ ಬಗ್ಗಿ ನೋಡಿದರೆ ನಾವು ಬಾಗಿಲ ಕಡೆ ಸರಿಯುತ್ತೇವೆ.

"ಜ್ವಾಳದ ರೊಟ್ಟಿ ಬಡೀತಾರ ತಮ್ಮಾ, ಲಟ್ಟಸ್ತಾರೇನು?"

ಕನ್ನಡಕ ತೆಗೆಯದೆಯೇ ಎಡಗೈಯಿಂದ ಮೇಜಿನ ಮೇಲೆ ಬಡಿದು ತೋರಿಸಿದಳು. ಪಟ್, ಪಟ್. ಒಳಗಿನ ಎರಡೂ ಕೈ ಬಡಿಯತೊಡಗಿದವು, ಆದರೆ ಕಿವಿಗೆ ಕೇಳುತ್ತಿದ್ದದ್ದು ಒಂದೇ ಕೈಯ ಸಪ್ಪಳ. ಸಪ್ಪಳ ಸರಿಯಿಲ್ಲ, ಹೀಗೆ ಬಡಿದರೆ ರೊಟ್ಟಿ ಹರಿಯುತ್ತದೆ ಎಂದು ಬೈದಳು. ಆ ಸಪ್ಪಳ ಕೇಳುತ್ತಲೇ ಬೆಳೆದವನು ನಾನು. ಅವಳ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದೆತ್ತಿ, ಎಡಗೈ ಎದ್ದಾಗ ಇದನ್ನು ಬಡಿಯತೊಡಗಿದೆ. ಮೆಲ್ಲಗೆ ಬಡಿ ಅಂದಳು, ಅಂಚು ತೆಳ್ಳಗಾಗಲಿ ಅಂದಳು, ಹಿಟ್ಟು ಉದುರಿಸು ಅಂದಳು. ಬರೀ ಮೇಜಿನ ಮೇಲೆ ಎಷ್ಟು ರೊಟ್ಟಿ ಬಡಿದೆವೋ! ಹೊರಗೆ ಕುಳಿತ ರೋಗಿಗಳೆಲ್ಲ ಎದ್ದು ಬಂದು ಇಣುಕುತ್ತಿದ್ದರು.

ಒಮ್ಮೆಲೇ ಅವಳು ನಿಲ್ಲಿಸಿದಳು. ಕನ್ನಡಕ ಕಿತ್ತಿಟ್ಟು, ಮೇಜಿನ ಮೇಲಿದ್ದ ಬಲಗೈಯನ್ನು ನೋಡಿದಳು. ಎಷ್ಟು ತಿಂಗಳ ಮೇಲೆ ನೋಡಿದಳು! ಎಡಗೈಯಲ್ಲಿ ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ಇನ್ನೇನು ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ.

"ನನ್ನ ಕೈ ಎಷ್ಟ್ ಸೊರಗ್ಯಾದಪಾ," ಎಂದಳು ಸಣ್ಣ ದನಿಯಲ್ಲಿ. "ಯಾರೂ ಒಂದ್ ಮಾತ್ ಹೇಳಲಿಲ್ಲ ನನಗ. ತಮ್ಮಾ, ಜರಾ ಎಣ್ಣಿ ಕೊಡು."

ಡಾಕ್ಟರು ಎಣ್ಣೆ ತಂದರು. ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದೊಂದೇ ಬೆರಳು ಹಿಡಿದು ಎಣ್ಣೆ ತಿಕ್ಕುತ್ತ, ಅದರ ಕೂಡ ಏನೋ ಮಾತಾಡುತ್ತಿದ್ದಳು.